ಜಾಲಿಯ ಮರಳಿನ ಮೇಲೆ ಮೂರು ನಿಮಿಷ

ದಸರೆಯ ರಜೆ ಬಂದಿತೆಂದರೆ ನನ್ನಂಥ ಅಧ್ಯಾಪಕರಿಗೆ ಎರಡು ಕೆಲಸಗಳು ತಪ್ಪಿದ್ದಲ್ಲ. ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟನ್ನು ಹೊತ್ತು ಪ್ರಯಾಣ ಹೊರಡುವುದು ಒಂದು. ಆ ಕಟ್ಟನ್ನು ಬಿಚ್ಚದೆಯೇ ಹಿಂದಿರುಗುವುದು ಇನ್ನೊಂದು. ಈ ಸಲ ಆ ಕಟ್ಟು ನನ್ನೊಡನೆ ಜಾಲಿಯನ್ನು ನೋಡಿ ಬಂದಿತು. ಶಿವಮೊಗ್ಗೆಯಿಂದ ಸಾಗರದ ಮಾರ್ಗವಾಗಿ ಹೊರಟು, ಶರಾವತಿಯ ಕಣಿವೆಯಲ್ಲಿ ಘಟ್ಟವಿಳಿದು, ಹೊನ್ನಾವರದಲ್ಲಿ ದಕ್ಷಿಣಕ್ಕೆ ತಿರುಗಿ, ಮುರುಡೇಶ್ವರವನ್ನು ಹಿಂದೆ ಹಾಕಿ ಭಟ್ಕಳದಲ್ಲಿ ಬಸ್ಸಿಳಿದಾಗ ಸಂಜೆಯ ನಾಲ್ಕು ಗಂಟೆ.

ಜಾಲಿ ಎಂದೊಡನೆ ಬಯಲುಸೀಮೆಯವರಿಗೆ ಮುಳ್ಳಿನ ಮರ ನೆನಪಾದೀತು. ಇಲ್ಲಿ ಕಣ್ಣಿಗೆ ಬೀಳುವುದು ತೆಂಗಿನ ತೋಪು, ಮರಳಿನ ದಂಡೆ, ಆಚೆಗೆ ಅರಬ್ಬೀ ಸಮುದ್ರ. ಭಟ್ಕಳ ಪೇಟೆಗೆ ಪಶ್ಚಿಮದಲ್ಲಿರುವ ಈ ಊರಿಗೆ ಈಗ ಪಟ್ಟಣ ಪಂಚಾಯಿತಿಯ ಪದವಿ ಬಂದಿದ್ದರೂ, ಸಂಜೆಯ ಹೊತ್ತು ದಂಡೆಯ ಮೇಲೆ ಅಡ್ಡಾಡುವವನಿಗೆ ಅದೊಂದು ಹಳ್ಳಿಯೇ. ಹಳೆಯ ಹೆಂಚಿನ ಮನೆಗಳ ನಡುನಡುವೆ ಎತ್ತರದ ಗೇಟಿನ ಹೊಸ ಮನೆಗಳಿವೆ. ಕೆಲವಕ್ಕೆ ಹನ್ನೊಂದು ತಿಂಗಳು ಬೀಗ, ಒಂದು ತಿಂಗಳು ದೀಪಾಲಂಕಾರ. ಯಜಮಾನ ದುಬೈಯಲ್ಲೋ ಮಸ್ಕತ್‌ನಲ್ಲೋ ಇರುತ್ತಾನೆ. ವಿಜಯನಗರದ ಕಾಲದಲ್ಲಿ ಅರಬಸ್ತಾನದ ಕುದುರೆಗಳು ಭಟ್ಕಳದ ಬಂದರಿಗೆ ಬಂದಿಳಿಯುತ್ತಿದ್ದವೆಂದು ಚರಿತ್ರೆ ಓದಿದವರೆಲ್ಲ ಬಲ್ಲರು. ಅಂದು ಕುದುರೆ ಬರುತ್ತಿದ್ದ ದಿಕ್ಕಿಗೇ ಇಂದು ಮನುಷ್ಯರು ದುಡಿಯಲು ಹೋಗುತ್ತಾರೆ. ಅವರ ಬಂದರು ಮಾತ್ರ ಬೇರೆ: ಇಲ್ಲಿಂದ ದಕ್ಷಿಣಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿ, ಗುಡ್ಡದ ನೆತ್ತಿಯ ಮೇಲಿರುವ ಮಂಗಳೂರಿನ ವಿಮಾನ ನಿಲ್ದಾಣ. ಜನರ ಬಾಯಲ್ಲಿ ಅದು ಇಂದಿಗೂ ‘ಬಜ್ಪೆ’ಯೇ.

ನನ್ನನ್ನು ಜಾಲಿಗೆ ಕರೆದವನು ನನ್ನ ಹಳೆಯ ವಿದ್ಯಾರ್ಥಿ. ಪದವಿಪೂರ್ವ ತರಗತಿಯಲ್ಲಿ ನನ್ನಿಂದ ಹಳಗನ್ನಡ ಕಲಿತು, ಅದನ್ನು ಅಲ್ಲಿಯೇ ಬಿಟ್ಟು, ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಈಗ ದೂರದ ಒಂದು ವಿಮಾನ ನಿಲ್ದಾಣದ ಅಗ್ನಿಶಾಮಕ ದಳದಲ್ಲಿದ್ದಾನೆ. ಒಂದು ವಾರದ ರಜೆಯ ಮೇಲೆ ಊರಿಗೆ ಬಂದಿದ್ದ. ಅವನ ತಾಯಿ ಜಗುಲಿಯ ಮೇಲೆ ಕುಳಿತು ಮಲ್ಲಿಗೆ ಕಟ್ಟುತ್ತಿದ್ದರು. ಭಟ್ಕಳದ ಮಲ್ಲಿಗೆಯ ಕಂಪನ್ನು ನಾನಿಲ್ಲಿ ಬಣ್ಣಿಸಹೊರಟರೆ ಪುಟ ಸಾಲದು.

“ಇವನಿಗೆ ಕೂರ್ಸಿ ಸಂಬಳ ಕೊಡ್ತಾರಂತೆ, ಮಾಸ್ತರ್ರೇ. ಬೆಂಕಿ ಬಿದ್ರೆ ಮಾತ್ರ ಕೆಲ್ಸ. ಆ ಕೆಲ್ಸ ಬರೂದೇ ಬೇಡ ಅಂತ ನಾನು ದಿನಾ ದೇವ್ರಿಗೆ ಹೂವು ಹಾಕ್ತೆ” ಎಂದು ಆ ತಾಯಿ ನಕ್ಕರು.

ಮಗನೂ ನಕ್ಕ. ಆದರೆ ಆ ನಗೆಯಲ್ಲಿ ಏನೋ ಒಂದು ಕುಂದಿತ್ತು. ಚಹಾ ಕುಡಿದು ದಂಡೆಯತ್ತ ನಡೆಯುವಾಗ ಅದರ ಕಾರಣ ಹೊರಬಿದ್ದಿತು. ದಳದ ಮುಂದಾಳಾಗುವ ಪರೀಕ್ಷೆಯಲ್ಲಿ ಅವನು ಅನುತ್ತೀರ್ಣನಾಗಿದ್ದ. ಬರೆಯುವ ಪರೀಕ್ಷೆಯಲ್ಲಿ ಅಲ್ಲ, ಬೆಂಕಿಯ ಪರೀಕ್ಷೆಯಲ್ಲಿ. ಇನ್ನೊಂದು ಅವಕಾಶ ಮುಂದಿನ ತಿಂಗಳಿತ್ತು.

“ಬೆಂಕಿ ಆರಿಸುವುದಕ್ಕೂ ಪರೀಕ್ಷೆಯೇ?” ಎಂದು ನಾನು ಕೇಳಿದೆ. ಪರೀಕ್ಷೆಗಳಿಂದಲೇ ಹೊಟ್ಟೆ ಹೊರೆಯುವವನು ಕೇಳಬಾರದಾಗಿದ್ದ ಪ್ರಶ್ನೆ ಅದು.

ಅವನು ಉತ್ತರ ಹೇಳಲಿಲ್ಲ. ಅಲೆ ತೇವಮಾಡಿ ಹೋಗಿದ್ದ ಮರಳಿನ ಮೇಲೆ ತೆಂಗಿನ ಗರಿಯ ಕಡ್ಡಿಯಿಂದ ಒಂದು ಉದ್ದನೆಯ ಗೆರೆ ಎಳೆದ. ಅದು ರನ್‌ವೇ. ಅದರ ನಡುಭಾಗದ ಪಕ್ಕದಲ್ಲಿ ಒಂದು ಚಿಕ್ಕ ಚೌಕ. ಅದು ಅಗ್ನಿಶಾಮಕ ಠಾಣೆ. ಆಮೇಲೆ ಇಡೀ ಚಿತ್ರದ ಮೇಲೆ ಅಡ್ಡಗೆರೆ ಉದ್ದಗೆರೆಗಳನ್ನೆಳೆದು ಚದುರಂಗದ ಮಣೆಯಂತೆ ಮಾಡಿದ. ಪ್ರತಿಯೊಂದು ನಿಲ್ದಾಣಕ್ಕೂ ಇಂಥದೊಂದು ಮನೆಗಳ ನಕ್ಷೆಯಿರುತ್ತದೆ. ಕಂಟ್ರೋಲ್ ಟವರಿನಿಂದ ಗಂಟೆ ಬಾರಿಸಿದೊಡನೆ ಇಂಥ ಮನೆಯಲ್ಲಿ ವಿಮಾನ ಬಿದ್ದಿದೆ ಎಂದು ಕೂಗುತ್ತಾರೆ. ಆ ಮನೆಗೆ ಯಾವ ದಾರಿ, ಯಾವ ಗೇಟು, ಮಳೆಗಾಲದಲ್ಲಿ ಅಲ್ಲಿ ಗಾಲಿ ಹೂಳುತ್ತದೆಯೇ ಎಂಬುದೆಲ್ಲ ಮುಂದಾಳಿಗೆ ಕಂಠಪಾಠವಾಗಿರಬೇಕು.

“ಎಷ್ಟು ಹೊತ್ತಿನಲ್ಲಿ ತಲಪಬೇಕು?”

“ಮೂರು ನಿಮಿಷ, ಸರ್. ಎರಡಾದರೆ ಇನ್ನೂ ಒಳ್ಳೆಯದು.”

ಇದು ಅವನ ಊಹೆಯ ಮಾತಲ್ಲ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಲೋಕದ ನಿಲ್ದಾಣಗಳಿಗೆಲ್ಲ ವಿಧಿಸಿರುವ ನಿಯಮ. ಕರೆ ಬಂದ ಗಳಿಗೆಯಿಂದ ಮೂರು ನಿಮಿಷ ಮೀರದಂತೆ ಮೊದಲ ವಾಹನ ರನ್‌ವೇಯ ಯಾವ ಮೂಲೆಗಾದರೂ ಹೋಗಿ ನೊರೆ ಎರಚಲು ಸಿದ್ಧವಾಗಿ ನಿಂತಿರಬೇಕು. ಸಾವಿರಾರು ಲೀಟರ್ ನೀರು ಹೊತ್ತ ಆ ದೊಡ್ಡ ವಾಹನ, ಇವರ ಭಾಷೆಯಲ್ಲಿ ‘ಕ್ರ್ಯಾಶ್ ಟೆಂಡರ್’, ನಿಂತಲ್ಲಿಂದ ಹೊರಟು 40 ಸೆಕೆಂಡಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗಕ್ಕೇರಬೇಕು. ಇಷ್ಟು ಅವಸರವೇಕೆಂದರೆ, ವಿಮಾನದ ಮೈ ಅಲ್ಯೂಮಿನಿಯಮ್ಮಿನದು. ಸುಮಾರು 660 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಆ ಲೋಹ ಕರಗುತ್ತದೆ. ಉರಿಯುವ ಇಂಧನದ ಶಾಖ ಅದಕ್ಕಿಂತ ಮಿಗಿಲು. ಅರ್ಧದಷ್ಟು ಬಾಗಿಲುಗಳು ಮುಚ್ಚಿದ್ದರೂ 90 ಸೆಕೆಂಡಿನೊಳಗೆ ಜನರೆಲ್ಲ ಹೊರಬೀಳುವಂತಿರಬೇಕೆಂದು ವಿಮಾನವನ್ನು ಕಟ್ಟುವಾಗಲೇ ಪರೀಕ್ಷಿಸುವುದು ಇದೇ ಕಾರಣಕ್ಕೆ.

ಮರಳಿನ ಮೇಲೆ ಅವನು ಒಂದು ಲೆಕ್ಕವನ್ನೂ ಮಾಡಿ ತೋರಿಸಿದ. ಮಂಗಳೂರಿಗೆ ಬಂದುಹೋಗುವ ಬೋಯಿಂಗ್ 737-800 ವಿಮಾನದ ಉದ್ದ 39.5 ಮೀಟರ್. ಆ ಅಳತೆಯ ವಿಮಾನಗಳಿಗೆ ಏಳನೆಯ ದರ್ಜೆಯ ರಕ್ಷಣೆ ಬೇಕು. ಸಾಮಾನ್ಯವಾಗಿ ಬಳಸುವ ‘ಬಿ’ ಮಟ್ಟದ ನೊರೆಯಾದರೆ ವಾಹನಗಳಲ್ಲಿ ಕಡಿಮೆಯೆಂದರೂ 12,100 ಲೀಟರ್ ನೀರಿರಬೇಕು, ನಿಮಿಷಕ್ಕೆ 5,300 ಲೀಟರಿನಂತೆ ಅದನ್ನು ಎರಚಬೇಕು. ನಾನು ಲೆಕ್ಕದಲ್ಲಿ ಎಂದೂ ಜಾಣನಲ್ಲ. ಆದರೂ ಭಾಗಿಸಿ ನೋಡಿ ಬೆಚ್ಚಿದೆ. ಎರಡೂಕಾಲು ನಿಮಿಷದಲ್ಲಿ ನೀರು ಮುಗಿಯಿತು!

“ಹೌದು, ಸರ್. ಅರ್ಧ ನಿಮಿಷ ತಪ್ಪು ಜಾಗಕ್ಕೆ ಎರಚಿದರೆ ಐದನೆಯ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಅದನ್ನು ಎಲ್ಲಿ ಎರಚಬೇಕು ಎಂದು ಹೇಳುವವನೇ ಮುಂದಾಳು.”

ಆ ಮಾತು ಹೇಳುವ ಅಧಿಕಾರಕ್ಕೆ ಏರುವ ಮೆಟ್ಟಿಲುಗಳು ಹಲವು. ಮೊದಲು ಸೇರುವವನಿಗೆ ಎತ್ತರ, ಎದೆ, ತೂಕಗಳ ಅಳತೆ. ಅನಂತರ ಓಟ, ಹಗ್ಗ ಹತ್ತುವುದು, ಏಣಿ ಹತ್ತುವುದು, ಗಾಯಾಳುವಿನಷ್ಟು ಭಾರವನ್ನು ಹೆಗಲ ಮೇಲೆ ಹೊತ್ತು ನಡೆಯುವುದು. ಭಾರೀ ವಾಹನ ನಡೆಸುವ ಪರವಾನಗಿಯೂ ಬೇಕು. ಭಾರತ ವಿಮಾನ ನಿಲ್ದಾಣ ಪ್ರಾಧಿಕಾರದ ತರಬೇತಿ ಕೇಂದ್ರಗಳು ದೆಹಲಿಯಲ್ಲಿಯೂ ಕೋಲ್ಕತ್ತದಲ್ಲಿಯೂ ಇವೆ. ಕೆಳಗಿನ ಹುದ್ದೆಯಿಂದ ವರ್ಷಗಟ್ಟಲೆ ದುಡಿದು ಮೇಲೇರುವವರು ಕೆಲವರು; ಎಂಜಿನಿಯರಿಂಗ್ ಪದವಿಯೊಡನೆ ನೇರವಾಗಿ ಅಧಿಕಾರಿಗಳಾಗಿ ಬರುವವರು ಕೆಲವರು. 1956ರಲ್ಲಿ ರಾಂಪುರದಲ್ಲಿ ಆರಂಭವಾಗಿ ಮರುವರ್ಷ ನಾಗಪುರಕ್ಕೆ ಹೋದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜಿನಲ್ಲಿ ಬೆಂಕಿಯ ಶಾಸ್ತ್ರಕ್ಕೇ ಒಂದು ಪದವಿಯಿದೆ. ಯಾವ ದಾರಿಯಿಂದ ಬಂದವನಾದರೂ ನಿಜವಾದ ಉರಿಯ ಮುಂದೆ ನಿಂತು ಅಭ್ಯಾಸ ಮಾಡಲೇಬೇಕು. ಮುರಿದ ಕೊಳವೆಯಿಂದ ಒತ್ತಡದಲ್ಲಿ ಚಿಮ್ಮುವ ಇಂಧನದ ಬೆಂಕಿಯೂ ಆ ಅಭ್ಯಾಸದಲ್ಲಿ ಇರಬೇಕೆಂಬುದು ನಿಯಮ. ಎರಡು ವರ್ಷ ಮೀರದಂತೆ ಒಮ್ಮೆ ನಿಲ್ದಾಣವಿಡೀ, ಊರಿನ ಆಸ್ಪತ್ರೆ ಪೊಲೀಸರೊಡನೆ ಕೂಡಿ, ಅಪಘಾತವಾಯಿತೆಂದೇ ಬಗೆದು ಪೂರ್ತಿ ತಾಲೀಮು ನಡೆಸುತ್ತದೆ.

ವಿಮಾನದ ಒಳಮೈಯೂ ಇವರಿಗೆ ಗೊತ್ತಿರಬೇಕು. ಬಾಗಿಲು ಹೊರಗಿನಿಂದ ಹೇಗೆ ತೆರೆಯುತ್ತದೆ, ಎಲ್ಲಿ ಕೊಯ್ದರೆ ಅಪಾಯವಿಲ್ಲ, ಪೈಲಟ್ ಕುಳಿತ ಕೋಣೆಗೆ ಯಾವ ದಾರಿ ಎಂಬುದನ್ನು ಪ್ರತಿಯೊಂದು ಜಾತಿಯ ವಿಮಾನಕ್ಕೂ ಬೇರೆಬೇರೆಯಾಗಿ ಕಲಿಯಬೇಕು. 2020ರ ಆಗಸ್ಟ್ 7ರಂದು ಕೇರಳದ ಕರಿಪುರದಲ್ಲಿ ವಿಮಾನ ರನ್‌ವೇ ಮೀರಿ ಕೆಳಗುರುಳಿ 21 ಜನ ತೀರಿಕೊಂಡಾಗ, ಆ ಜಾತಿಯ ವಿಮಾನದ ಪರಿಚಯ ಅಲ್ಲಿಯ ದಳದವರಿಗೆ ಸಾಲದಾಗಿತ್ತೆಂದು ತನಿಖೆಯಲ್ಲಿ ಕಂಡುಬಂದಿತು. ಧೈರ್ಯವೊಂದೇ ಇದ್ದರೆ ಈ ಕೆಲಸಕ್ಕೆ ಸಾಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

“ಹಾಗಾದರೆ ನೀನು ಎಡವಿದ್ದೆಲ್ಲಿ?” ಎಂದು ಕೊನೆಗೆ ಕೇಳಿಯೇಬಿಟ್ಟೆ.

ಅವನು ಮರಳಿನ ಮೇಲಿನ ಚಿತ್ರವನ್ನು ನೋಡುತ್ತ ಹೇಳಿದ. ಕಬ್ಬಿಣದ ತಗಡಿನಲ್ಲಿ ಮಾಡಿದ ವಿಮಾನದ ಆಕೃತಿಗೆ ಇಂಧನ ಸುರಿದು ಬೆಂಕಿ ಹಚ್ಚಿದ್ದರು. ಒಳಗೆ ಪ್ರಯಾಣಿಕರ ಬದಲಿಗೆ ಗೊಂಬೆಗಳು. ಅಂದು ಅವನೇ ಮುಂದಾಳು. ಗಾಳಿ ಬೀಸುವ ಕಡೆಯಿಂದಲೇ ವಾಹನ ತಂದು ನಿಲ್ಲಿಸಿದ. ಜನ ಜಾರಿ ಇಳಿಯುವ ಬಾಗಿಲುಗಳಿಗೆ ಅಡ್ಡವಾಗದಂತೆ ಜಾಗ ಬಿಟ್ಟ. ಮೊದಲ ನೊರೆಯನ್ನು ವಿಮಾನದ ಮೈಯುದ್ದಕ್ಕೂ ಹಾಯಿಸಿದ. ಎಲ್ಲವೂ ಪಾಠದಂತೆಯೇ ನಡೆದಿತ್ತು. ಅಷ್ಟರಲ್ಲಿ ಒಬ್ಬ ಹುಡುಗನ ಕೈಯಿಂದ ಹೋಸ್ ಪೈಪು ಜಾರಿತು. ಇವನು ಒಂದು ಗಳಿಗೆಯೂ ಯೋಚಿಸದೆ ಓಡಿ ಅದನ್ನು ತಾನೇ ಹಿಡಿದ, ಬೆಂಕಿಯ ಮುಖಕ್ಕೇ ನುಗ್ಗಿದ. ಆ ಬದಿಯ ಬೆಂಕಿ ಆರಿತು. ಗಾಳಿ ಮಾತ್ರ ತಿರುಗಿತ್ತು. ಇನ್ನೊಂದು ಬದಿಯಲ್ಲಿ ಬೆಂಕಿ ಬಾಗಿಲಿನವರೆಗೆ ಹರಿದಿತ್ತು. ಅದನ್ನು ನೋಡುವವರೇ ಇರಲಿಲ್ಲ. ಪರೀಕ್ಷಕರು ಸೀಟಿ ಊದಿ ಒಂದೇ ಪ್ರಶ್ನೆ ಕೇಳಿದರಂತೆ: ನಿನ್ನ ಜನ ಈಗ ಎಲ್ಲೆಲ್ಲಿದ್ದಾರೆ?

“ನನಗೆ ಗೊತ್ತಿರಲಿಲ್ಲ, ಸರ್.”

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಸೂರ್ಯ ಮುಳುಗುತ್ತಿದ್ದ. ದಂಡೆಯ ಮೇಲೆ ಕವುಚಿ ಹಾಕಿದ್ದ ಒಂದು ಹಳೆಯ ದೋಣಿಯ ನೆರಳು ನಮ್ಮ ರನ್‌ವೇಯ ಮೇಲೆ ಚಾಚಿತ್ತು. ಅದನ್ನು ಕಂಡು ನನಗೆ ಅವನ ಅಜ್ಜನ ನೆನಪಾಯಿತು. ಅವರು ರಾಂಪಣಿ ಬಲೆಯ ಕಾಲದವರು. ಯಂತ್ರದ ದೋಣಿಗಳು ಬಂದು ಎಪ್ಪತ್ತರ ದಶಕದ ಅನಂತರ ಆ ದೊಡ್ಡ ಬಲೆ ಮೂಲೆಗೆ ಸೇರಿತು. ಅದಕ್ಕೆ ಮೊದಲು ಹತ್ತಾರು ಜನ ದಂಡೆಯ ಮೇಲೆ ಎರಡು ಸಾಲಾಗಿ ನಿಂತು ಅದನ್ನು ಎಳೆಯುತ್ತಿದ್ದರು. ಹಿಂದೊಮ್ಮೆ ಇದೇ ಜಗುಲಿಯಲ್ಲಿ ಆ ಮುದುಕರು ನನಗೆ ಹೇಳಿದ್ದರು: ಅವರು ಒಂದು ದಿನವೂ ಹಗ್ಗಕ್ಕೆ ಕೈ ಹಚ್ಚಿದವರಲ್ಲ, ಎತ್ತರದಲ್ಲಿ ನಿಂತು ಎರಡೂ ಸಾಲುಗಳನ್ನು ನೋಡುತ್ತ, ಯಾವ ಕಡೆ ಬಿಗಿಯಬೇಕು, ಯಾವ ಕಡೆ ಸಡಿಲಿಸಬೇಕು ಎಂದು ಕೂಗುವುದಷ್ಟೇ ಅವರ ಕೆಲಸ.

“ನಿನ್ನ ಅಜ್ಜ ಸೋಮಾರಿಯಾಗಿದ್ದರೇ?” ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ. ಅರ್ಥವಾಯಿತೆಂದು ಕಾಣುತ್ತದೆ. ಆದರೆ ಒಪ್ಪಲಿಲ್ಲ. “ಮೀನು ತಪ್ಪಿದರೆ ಮರುದಿನ ಸಿಗುತ್ತದೆ, ಸರ್. ಒಳಗೆ ಜನರಿದ್ದಾಗ ಕೈಕಟ್ಟಿ ನಿಲ್ಲುವುದು ಹೇಗೆ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅದು ಹುಟ್ಟಿದ್ದು ಎಲ್ಲಿಂದ ಎಂಬುದು ಮಾತ್ರ ಗೊತ್ತಿತ್ತು. 2010ರ ಮೇ 22, ಶನಿವಾರ. ಅವನಿಗಾಗ ಹದಿಮೂರು ವರ್ಷ. ರಾಂಪಣಿ ನಿಂತ ಮೇಲೆ ದುಬೈಗೆ ಹೋಗಿ ಡ್ರೈವರನಾಗಿದ್ದ ಅವನ ತಂದೆ ಮುಂದಿನ ವಾರ ಊರಿಗೆ ಬರುವವರಿದ್ದರು. ಬೆಳಿಗ್ಗೆ ದುಬೈಯ ವಿಮಾನ ಬಜ್ಪೆಯಲ್ಲಿ ಬಿದ್ದಿತೆಂಬ ಸುದ್ದಿ ಬಂದಿತು. ಹೇಳದೆ ಮುಂಚೆಯೇ ಹೊರಟಿದ್ದರೆ? ಫೋನು ಸಿಕ್ಕಿ ತಂದೆಯ ದನಿ ಕೇಳುವ ತನಕ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತಂದೆ ಆ ಟಿಕೆಟನ್ನು ರದ್ದು ಮಾಡಿಸಿದರು. ಮತ್ತೆ ಆರು ತಿಂಗಳು ಬರಲಿಲ್ಲ. ಮಗ ತನ್ನ ಉದ್ಯೋಗವನ್ನು ಆರಿಸಿಕೊಂಡದ್ದು ಆ ಬೆಳಿಗ್ಗೆಯೇ.

ಮರುದಿನ ಅವನ ರಜೆ ಮುಗಿಯುತ್ತಿತ್ತು. ಅವನನ್ನು ಬೀಳ್ಕೊಡುವ ನೆಪದಲ್ಲಿ ನಾನೂ ಜೊತೆಗೆ ಹೊರಟೆ. ಶಿರೂರು, ಬೈಂದೂರು ದಾಟಿ ಮರವಂತೆಗೆ ಬಂದಾಗ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಎಷ್ಟು ಸಲ ನೋಡಿದರೂ ಕಣ್ಣು ಎರಡೂ ಕಡೆ ಓಡುವ ಜಾಗ ಅದು. ಉಡುಪಿ, ಮೂಲ್ಕಿ, ಸುರತ್ಕಲ್ ಕಳೆದು ಕೂಳೂರಿನಲ್ಲಿ ಹೆದ್ದಾರಿ ಬಿಟ್ಟು ತಣ್ಣೀರುಬಾವಿಯ ಕಡೆಗೆ ತಿರುಗಿದೆವು. ಅಲ್ಲಿ ಫಲ್ಗುಣಿ ನದಿಯ ದಡದಲ್ಲಿ ಆ ದುರಂತದ ಸ್ಮಾರಕ ಉದ್ಯಾನವಿದೆ. ಗುರುತು ಹತ್ತದ 12 ದೇಹಗಳನ್ನು ಮಣ್ಣು ಮಾಡಿದ ಸ್ಥಳ. ನದಿ ಸದ್ದಿಲ್ಲದೆ ಕಡಲಿನತ್ತ ಹರಿಯುತ್ತಿತ್ತು. ನಾವೂ ಮಾತನಾಡಲಿಲ್ಲ.

ಅಲ್ಲಿಂದ ಕೆಂಜಾರಿಗೆ. ಗುಡ್ಡದ ಬುಡದಲ್ಲಿ ನಿಂತು ಮೇಲೆ ನೋಡಿದರೆ ನಿಲ್ದಾಣ ಮೇಜಿನಂತೆ ತೋರುತ್ತದೆ: ನೆತ್ತಿ ಸಪಾಟು, ಅಂಚುಗಳು ಕಡಿದು ಇಳಿದಂತೆ. 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಇದನ್ನು ಉದ್ಘಾಟಿಸಿದರು. ಹಳೆಯ ರನ್‌ವೇ ಮೋಟು, 1,615 ಮೀಟರ್ ಮಾತ್ರ. 1981ರ ಆಗಸ್ಟ್ 19ರಂದು ಒಂದು ಆವ್ರೋ ವಿಮಾನ ಅದರ ತುದಿ ದಾಟಿ ನಿಂತಿತ್ತು; ಯಾರ ಜೀವಕ್ಕೂ ಕುತ್ತು ಬರಲಿಲ್ಲ. 2006ರಲ್ಲಿ 2,450 ಮೀಟರಿನ ಹೊಸ ರನ್‌ವೇ ಬಂದಿತು. ನಾಲ್ಕು ವರ್ಷಗಳ ಮೇಲೆ ದುಬೈಯ ವಿಮಾನ ಅದನ್ನೂ ಮೀರಿ ಈ ಕಮರಿಗೆ ಬಿದ್ದಿತು. ಒಳಗಿದ್ದವರು 166, ಉಳಿದವರು 8. ಸರಿಯಾದ ಎತ್ತರ ವೇಗಗಳಿಲ್ಲದೆ ಇಳಿಯತೊಡಗಿದ ವಿಮಾನವನ್ನು, ಸಹಪೈಲಟ್ ಎಚ್ಚರಿಸಿದರೂ, ಮತ್ತೆ ಮೇಲಕ್ಕೇರಿಸದೆ ಇಳಿಸಿದ್ದೇ ಕಾರಣವೆಂದು ನಿವೃತ್ತ ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ವಿಚಾರಣಾ ಮಂಡಲಿ ನಿರ್ಣಯಿಸಿತು. ನಿಲ್ದಾಣದ ಅಗ್ನಿಶಾಮಕ ವಾಹನಗಳು ಆವರಣದಿಂದ ಹೊರಬಿದ್ದು, ಇಕ್ಕಟ್ಟಾದ ಏರುತಗ್ಗಿನ ದಾರಿಯಲ್ಲಿ ಇಲ್ಲಿಗೆ ಬರಲು ನಾಲ್ಕು ನಿಮಿಷ ಹಿಡಿಯಿತು. ಊರಿನ ಜನ ತಾವಾಗಿಯೇ ಓಡಿಬಂದು ಗಾಯಗೊಂಡವರನ್ನು ಮೇಲಕ್ಕೆ ಹೊತ್ತರು.

ಅವನು ಕೈಗಡಿಯಾರ ನೋಡಿಕೊಳ್ಳುತ್ತ ದಾರಿಯನ್ನೂ ಗುಡ್ಡದ ಅಂಚನ್ನೂ ಬಹಳ ಹೊತ್ತು ಅಳೆದ. ಅವನು ಕೆಲಸ ಮಾಡುವ ನಿಲ್ದಾಣ ಇದಲ್ಲ. ಆದರೂ ಅಳೆದ. ಕೊನೆಗೆ ತನಗೆ ತಾನೇ ಹೇಳಿಕೊಂಡಂತೆ ಅಂದ: “ಇಲ್ಲಿ ಕೆಳಗೆ ಇಳಿದವನಿಗೆ ಏನೂ ಕಾಣುವುದಿಲ್ಲ, ಸರ್. ಮರ, ಹೊಗೆ, ತನ್ನ ಮುಂದಿನ ಹತ್ತು ಅಡಿ. ಇನ್ನೊಂದು ವಾಹನಕ್ಕೆ ಯಾವ ದಾರಿ, ನೀರು ಎಷ್ಟು ಉಳಿಯಿತು, ಊರಿನವರನ್ನು ಎಲ್ಲಿ ನಿಲ್ಲಿಸಬೇಕು, ಆಂಬುಲೆನ್ಸ್ ಎಲ್ಲಿಗೆ ಬರಬೇಕು, ಇದೆಲ್ಲ ಒಬ್ಬನಿಗೆ ಕಾಣುತ್ತಿರಬೇಕು.”

“ಅವನು ಎಲ್ಲಿ ನಿಂತಿರಬೇಕು?”

ಅವನು ತಕ್ಷಣ ಕೈಯೆತ್ತಿ ದಾರಿಯ ತಿರುವಿನಲ್ಲಿ ಸ್ವಲ್ಪ ಎತ್ತರದ ಒಂದು ದಿಣ್ಣೆಯನ್ನು ತೋರಿಸಿದ. ಬೆಂಕಿ ಬಿದ್ದಿದ್ದ ಜಾಗಕ್ಕೂ ಅದಕ್ಕೂ ಸಾಕಷ್ಟು ದೂರವಿತ್ತು. ತೋರಿಸಿದ ಕೈಯನ್ನು ಅವನು ಕೂಡಲೇ ಇಳಿಸಲಿಲ್ಲ.

ನಿಲ್ದಾಣದ ಬಾಗಿಲಲ್ಲಿ ಅವನನ್ನು ಬೀಳ್ಕೊಟ್ಟು ನಾನು ಬಸ್ಸು ಹಿಡಿದು ಜಾಲಿಗೆ ಮರಳಿದೆ. ಉತ್ತರಪತ್ರಿಕೆಗಳ ಕಟ್ಟು ಅಲ್ಲಿಯೇ ಉಳಿದಿತ್ತು. ರಾತ್ರಿ ಊಟವಾದ ಮೇಲೆ ಆ ತಾಯಿ ಜಗುಲಿಗೆ ಬಂದು ನಿಂತರು. ಕಡಲಿನ ಮೇಲೆ, ಬಹಳ ಎತ್ತರದಲ್ಲಿ, ಒಂದು ಕೆಂಪು ದೀಪ ಮಿನುಗುತ್ತ ಪಶ್ಚಿಮಕ್ಕೆ ಹೋಗುತ್ತಿತ್ತು. ಅದು ಕಣ್ಮರೆಯಾಗುವವರೆಗೂ ಅವರು ಮಾತನಾಡಲಿಲ್ಲ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ತಿಂಗಳೊಂದು ಕಳೆದ ಮೇಲೆ, ನಾನು ತರಗತಿಯಿಂದ ಹೊರಬರುವ ಹೊತ್ತಿಗೆ ಫೋನು ಬಂದಿತು. ದನಿಯಲ್ಲಿಯೇ ಫಲಿತಾಂಶವಿತ್ತು.

“ಪಾಸಾಯಿತು, ಸರ್. ಈ ಸಲ ನನ್ನ ಅಂಗಿಗೆ ಮಸಿ ಕೂಡ ಹತ್ತಲಿಲ್ಲ.”

“ಪರೀಕ್ಷಕರು ಏನು ಕೇಳಿದರು?”

“ಅದೇ ಪ್ರಶ್ನೆ, ಸರ್. ಒಬ್ಬೊಬ್ಬರನ್ನೂ ಬೆರಳು ಮಾಡಿ ತೋರಿಸಿದೆ.”

ಅಮ್ಮನಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದ್ದನಂತೆ. ಇನ್ನು ಮೇಲೆ ಸಂಬಳ ಹೆಚ್ಚು, ಬೆಂಕಿಗೆ ಕೈ ಹಚ್ಚುವ ಕೆಲಸ ಕಡಿಮೆ ಎಂದು ತಿಳಿದು ಆಕೆಗೆ ಬಹಳ ಸಂತೋಷವಾಯಿತಂತೆ. ದೇವರಿಗೆ ಹೂವು ಹಾಕುವುದನ್ನು ಮಾತ್ರ ನಿಲ್ಲಿಸಿಲ್ಲವಂತೆ.